ಬೀರಪ್ಪ ಸೈಕಲ್ಲಿನಿಂದ ಇಳಿದದ್ದು

ಮುಧೋಳ

ನಮ್ಮ ಕಡೆ ಪರದೇಶಕ್ಕೆ ಹೊರಟವರಿಗೆ ಹಾರ ಹಾಕಿ, ಪೇಢೆ ತಿನ್ನಿಸಿ ಕಳಿಸುತ್ತಾರೆ. ನನ್ನನ್ನು ನಮ್ಮ ಸಾವ್ಕಾರರು ಬಾಗಿಲು ಮುಚ್ಚಿ, ದನಿ ತಗ್ಗಿಸಿ, ಬುದ್ಧಿ ಹೇಳಿ ಕಳಿಸಿದರು.

ನಾನು ಮುಧೋಳದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದೆ. ಊರು ಬನಹಟ್ಟಿ. ಮನೆತನ ಮಗ್ಗದ್ದು, ಮಗ್ಗ ಬಿಟ್ಟು ಪಗಾರಕ್ಕೆ ಬಿದ್ದವನು ನಾನೇ ಮೊದಲು. ಯಾರು ತಡವಾಗಿ ಬಂದರು, ಯಾರು ಯಾರ ಹೆಸರಿಗೆ ಹಾಜರಿ ಹಾಕಿಸಿದರು, ಯಾರ ಅಜ್ಜಿ ಎರಡನೇ ಸಲ ತೀರಿಕೊಂಡಳು ಎಂದು ನೋಡುವುದು ನನ್ನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಹೆಂಡತಿ ಕೊಟ್ಟ ಚಹಾದ ಮೇಲೂ ಸಂಶಯ ಬರುತ್ತದೆ. ಅದು ನನ್ನ ದೋಷವಲ್ಲ, ಉದ್ಯೋಗದ ಗುಣ.

ಜರ್ಮನಿಯಿಂದ ನಮ್ಮ ಕಾರ್ಖಾನೆಗೆ ಒಂದು ಹೊಸ ಯಂತ್ರ ಬರುವುದಿತ್ತು. ಪಾಕವನ್ನು ಗರಗರ ತಿರುಗಿಸಿ ಸಕ್ಕರೆ ಹರಳನ್ನೂ ಕಾಕಂಬಿಯನ್ನೂ ಬೇರೆ ಮಾಡುವಂಥದು. ನಮ್ಮಲ್ಲಿಂದ ಒಬ್ಬ ಅಲ್ಲಿಗೇ ಹೋಗಿ ಅದನ್ನು ನಡೆಸುವುದು ಕಲಿತು ಬರಬೇಕು, ಆಮೇಲೆಯೇ ಯಂತ್ರ ಕಳಿಸುತ್ತೇವೆ ಎಂದು ಮಾಡುವವರು ಹಟ ಹಿಡಿದಿದ್ದರು. ಎಂಜಿನಿಯರನ್ನು ಕಳಿಸಲು ಕಾರ್ಖಾನೆಯ ಮಾಲೀಕರಾದ ನಮ್ಮ ಸಾವ್ಕಾರರಿಗೆ ಮನಸ್ಸಿಲ್ಲ.

“ಅಂವ ಕಲತು ಬಂದು ಜಮಖಂಡಿ ಕಡೆ ಇನ್ನೊಂದು ಫ್ಯಾಕ್ಟರಿಗೆ ಹಾರ್ತಾನ. ಬೀರಪ್ಪನ್ನ ಕಳಸೂಣು. ಅಂವಗ ಹೊಲಾ, ಕುರಿ, ಹೆಂಡ್ತಿ ಎಲ್ಲಾ ಇಲ್ಲೇ ಅದಾವ. ಎಲ್ಲಿಗಿ ಹೋದಾನು?” ಎಂದರು. ಮರುಕ್ಷಣವೇ ಅವರಿಗೆ ಅದರಲ್ಲೂ ಸಂಶಯ. “ಆದ್ರೂ ನೀ ಜೊತಿಗಿ ಹೋಗು. ಇಂಗ್ಲಿಷೂ ಬರತೈತಿ, ಕಣ್ಣೂ ಇರಲಿ. ಪಾಸ್‌ಪೋರ್ಟ್ ಎರಡೂ ನಿನ್ನ ಕಡೇನ ಇಟ್ಕೊ.”

ಬೀರಪ್ಪ ಫಿಟ್ಟರ್. ಗಲಗಲಿ ಹತ್ತಿರದವನು, ಕುರಿ ಕಾಯ್ದು ಹೊಲ ಮಾಡುವ ಮನೆತನ, ಬೀರೇಶ್ವರನ ಭಕ್ತ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಊರಿಗೆ ಬಂದಾಗ ಅವರೆಲ್ಲ ಸರಕಾರ ಕೊಟ್ಟ ಗುಂಟೆ ಜಾಗ ಹಿಡಿದು ಮೇಲಿನ ಪುನರ್ವಸತಿ ಕೇಂದ್ರಕ್ಕೆ ಏರಿದರು. ಹಳೆಯ ದಾರಿ ನೀರಿನ ಕೆಳಗೆ ಹೋಯಿತು. ಅಂದಿನಿಂದ ಬೀರಪ್ಪ ಸುತ್ತು ಹಾಕಿ ಸೈಕಲ್ ತುಳಿದು ಕೆಲಸಕ್ಕೆ ಬರುತ್ತಿದ್ದ. ಎಷ್ಟೋ ವರ್ಷವಾದರೂ ಅವನಿನ್ನೂ ಸೀಜನ್ ಕೂಲಿ: ಕಬ್ಬು ನುರಿಯುವಾಗ ಕೆಲಸ, ಕಬ್ಬು ಮುಗಿದರೆ ಮನೆ. ಹೊಸ ಯಂತ್ರ ಕಲಿತು ಬಂದರೆ ಅದರ ಮೇಲೆಯೇ ಕಾಯಂ ಆಗುವುದಿತ್ತು. ಕಲಿಯದೆ ಬಂದರೆ, ಸಾವ್ಕಾರರ ಮೈದುನನ ಕಡೆಯವನೊಬ್ಬ ಆ ಜಾಗಕ್ಕೆ ಆಗಲೇ ಅಂಗಿ ಇಸ್ತ್ರಿ ಮಾಡಿಸಿಕೊಂಡು ಕೂತಿದ್ದ.

ಸೈಕಲ್ ಮೇಲೆ ಬರುವವರ ವಿಷಯದಲ್ಲಿ ನಮ್ಮ ಸಾವ್ಕಾರರ ಅಭಿಪ್ರಾಯ ಗಟ್ಟಿಯಾಗಿತ್ತು. ಸೈಕಲ್ಲಿನವನು ದಣಿದು ಬರುತ್ತಾನೆ, ದಣಿದವನು ನಿದ್ದೆ ಮಾಡುತ್ತಾನೆ, ನಿದ್ದೆ ಮಾಡದಿದ್ದರೆ ಕಳವು ಮಾಡುತ್ತಾನೆ. ಹೋಗುವಾಗ ಗೇಟಿನ ಕಾವಲುಗಾರ ಬುತ್ತಿ ಡಬ್ಬಿ ಬಿಚ್ಚಿಸಿ ನೋಡುತ್ತಿದ್ದ. ಸೀಟು ಕಿತ್ತು ಕೊಳವೆಯಲ್ಲಿ ಸಕ್ಕರೆ ತುಂಬಿಕೊಂಡು ಹೋಗುತ್ತಾರೆಂದು ಯಾರೋ ಹೇಳಿದ ಮೇಲೆ ಸೀಟನ್ನೂ ಅಲುಗಾಡಿಸತೊಡಗಿದ. ಕಾರಿನ ಡಿಕ್ಕಿಯಲ್ಲಿ ಚೀಲಗಟ್ಟಲೆ ಹಿಡಿಯುತ್ತದೆ. ಅದನ್ನು ತೆರೆಸಿದ್ದು ಮಾತ್ರ ನಾನು ಕಂಡಿಲ್ಲ.

ವಿಮಾನ ಇಳಿದ ಊರು

ಮೊದಲ ಪಜೀತಿ ವಿಮಾನ ನಿಲ್ದಾಣದಲ್ಲೇ ಆಯಿತು. ಬೀರಪ್ಪನ ಕೈಚೀಲದಲ್ಲಿ ಹಳದಿ ಪುಡಿಯ ಪೊಟ್ಟಣ ಸಿಕ್ಕಿತು. ಬೀರೇಶ್ವರನ ಗುಡಿಯ ಭಂಡಾರ, ಬರೇ ಅರಿಸಿನ ಪುಡಿ. ಇಬ್ಬರು ಅಧಿಕಾರಿಗಳು ಕೈಗವಸು ಹಾಕಿಕೊಂಡು ಅದನ್ನು ಬಿಚ್ಚಿದರು, ಮೂಸಿದರು, ಒಬ್ಬರ ಮುಖ ಒಬ್ಬರು ನೋಡಿದರು. ನಾನು “ದೇವರದು, ದೇವರದು” ಎಂದು ಇಂಗ್ಲಿಷಿನಲ್ಲಿ ಒದರಿದಷ್ಟೂ ಅವರ ಕಣ್ಣು ಸಣ್ಣದಾಯಿತು. ಆ ಕಣ್ಣು ನನಗೆ ಗುರುತಿನದೇ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ನಾನೂ ಹಾಗೇ ನೋಡುತ್ತೇನೆ. ಕೊನೆಗೆ ಬೀರಪ್ಪ ಚಿಟಿಕೆ ಭಂಡಾರ ತೆಗೆದು ತನ್ನ ಹಣೆಗೆ ಹಚ್ಚಿಕೊಂಡ, ಒಂದಿಷ್ಟು ಬಾಯಿಗೆ ಹಾಕಿಕೊಂಡ, ಇನ್ನೊಂದು ಚಿಟಿಕೆ ಅಧಿಕಾರಿಯ ಹಣೆಯ ಕಡೆ ಚಾಚಿದ. ಅವರು ಗಾಬರಿಯಾಗಿ ನಮ್ಮನ್ನು ಬಿಟ್ಟುಬಿಟ್ಟರು.

ಮುಂದೆ ರೈಲು. ನಿಲ್ದಾಣಕ್ಕೆ ಗೇಟಿಲ್ಲ, ಗೇಟಿನಲ್ಲಿ ಮನುಷ್ಯನಿಲ್ಲ. ಯಾರು ಬಂದರು ಯಾರು ಹೋದರು ಕೇಳುವವರೇ ಇಲ್ಲ. ಇಷ್ಟು ನಂಬಿಕೆ ಇಟ್ಟುಕೊಂಡು ಒಂದು ದೇಶ ನಡೆಯುವುದು ಸಾಧ್ಯವೇ ಇಲ್ಲ, ಎಲ್ಲೋ ಏನೋ ಬಚ್ಚಿಟ್ಟಿದ್ದಾರೆ ಎಂದು ನಾನು ಸೀಟಿನ ಕೆಳಗೂ ನೋಡಿದೆ. ಡಬ್ಬಿಯ ತುಂಬ ಜನ, ಆದರೆ ಮಾತಿಲ್ಲ. ನಮ್ಮ ಕಡೆಯ ಸಾವಳಗಿ ಬಸ್ಸಿನಲ್ಲಿ ಇಷ್ಟೊತ್ತಿಗೆ ಪಕ್ಕದವನ ಮಗಳ ಮದುವೆಯ ಮಾತುಕತೆ ಎಲ್ಲಿಗೆ ಬಂತೆಂದು ನನಗೆ ಗೊತ್ತಾಗಿರುತ್ತಿತ್ತು.

“ಎಲ್ಲಾರೂ ಸಿಟ್ಟಾಗ್ಯಾರೇನ್ರಿ ಸಾಹೇಬ್ರ?” ಎಂದು ಬೀರಪ್ಪ ಪಿಸುಗುಟ್ಟಿದ.

“ಇಲ್ಲೋ. ಇವರು ಇರೂದ ಹಿಂಗ,” ಎಂದೆ. ನನಗೂ ಖಾತ್ರಿ ಇರಲಿಲ್ಲ. ಬನಿಯನ್ನಿನ ಒಳಗಿಸೆಯಲ್ಲಿ ಎರಡೂ ಪಾಸ್‌ಪೋರ್ಟು ಇವೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಂಡೆ.

ಕಾರ್ಖಾನೆಯ ಊರು

ಉತ್ತರ ಜರ್ಮನಿಯ ಆ ಸಣ್ಣ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಒಗ್ಗಲಿಲ್ಲ. ಊರ ಪಕ್ಕದಲ್ಲೊಂದು ಹೊಳೆ, ಹೊಳೆ ದಂಡೆಗುಂಟ ಸೈಕಲ್ಲಿಗೆಂದೇ ಒಂದು ದಾರಿ, ದಾರಿಯ ತುದಿಗೆ ಯಂತ್ರ ಮಾಡುವ ಕಾರ್ಖಾನೆ. ಹೊಳೆ ನೋಡಿ ಬೀರಪ್ಪ, “ಇದೇನ್ರಿ ಹೊಳಿ? ನಮ್ಮ ಚಿಕ್ಕಪಡಸಲಗಿ ಬ್ಯಾರೇಜಿನಾಗ ಇಷ್ಟು ನೀರು ಸೋರಿ ಹೋಗ್ತಾವ,” ಎಂದ. ರೈತರು ತಾವೇ ಕಟ್ಟಿದ ಬ್ಯಾರೇಜಿನ ಮೇಲೆ ಅವನಿಗಿದ್ದ ಅಭಿಮಾನ ಸೋರಿಕೆಯನ್ನೂ ಬಿಟ್ಟಿರಲಿಲ್ಲ.

ಬೀರಪ್ಪನಿಗೆ ಕಲಿಸಬೇಕಾದವಳು ಕಾರಿನ್ ಎಂಬ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ನೀಳವಾದ ಆಳು, ನೀಲಿ ಕೋಟು, ಉಗುರಿನಲ್ಲಿ ಗ್ರೀಸು. ಬಂದ ಮರುದಿನವೇ ಅವಳು ನಮ್ಮಿಬ್ಬರಿಗೂ ಕಾರ್ಖಾನೆಯ ಸೈಕಲ್ ತಂದು ಕೊಟ್ಟಳು. ಬಾಡಿಗೆ ಇಲ್ಲವಂತೆ.

ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಾನಲ್ಲ. ಪುಕ್ಕಟೆ ಎಂದರೆ ನನಗೆ ಮೊದಲು ಭಯ. ಕಾರು ಕೊಡಲಾಗದ ಕಂಪನಿ ಯಂತ್ರವನ್ನಾದರೂ ಸರಿಯಾಗಿ ಮಾಡೀತೇ? ಗೇಟಿನೊಳಗೆ ಹೋಗಿ ನೋಡಿದರೆ ಸಾಲಾಗಿ ಸೈಕಲ್ಲುಗಳು, ನಮ್ಮ ಸೀಜನ್ನಿನಲ್ಲಿ ಕಬ್ಬಿನ ಗಾಡಿ ನಿಂತ ಹಾಗೆ. ಅವಕ್ಕೆ ತಗಡಿನ ಮಾಡು, ಗಾಳಿ ಹೊಡೆಯುವ ಪಂಪು. ಕಾರುಗಳು ಮಾತ್ರ ಹೊರಗೆ ಮಳೆಯಲ್ಲಿ. ಕೆಲಸಗಾರರ ಸೈಕಲ್ಲಿಗೆ ನೆರಳು ಕೊಟ್ಟು ಕಾರು ತೋಯಿಸುವ ಮಾಲೀಕನನ್ನು ನಾನು ನಂಬಲಾರದೆ ಹೋದೆ. ಇದರಿಂದ ನಿಮಗೇನು ಸಿಗುತ್ತದೆ ಎಂದು ಕಾರಿನ್‌ಳನ್ನು ಕೇಳಿಯೇ ಬಿಟ್ಟೆ.

“ಸೈಕಲ್ ತುಳಿದು ಬಂದವರು ಕಡಿಮೆ ಜಡ್ಡು ಬೀಳುತ್ತಾರೆ, ಕಡಿಮೆ ರಜೆ ಹಾಕುತ್ತಾರೆ ಎಂದು ಡೈರೆಕ್ಟರ್ ನಂಬುತ್ತಾರೆ,” ಎಂದಳು. ಅಂದರೆ ಲಾಭ ಇದೆ. ಆಗ ನನಗೆ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ಮಾತನ್ನೂ ಅವಳು ಒತ್ತಿ ಹೇಳಿದಳು. ಮನೆಯಿಂದ ಕೆಲಸಕ್ಕೆ ನೆಟ್ಟಗೆ ಬರುವಾಗ ಬಿದ್ದರೆ ವಿಮೆಯವರು ನೋಡಿಕೊಳ್ಳುತ್ತಾರೆ. ನಡುವೆ ರೊಟ್ಟಿ ಅಂಗಡಿಗೆಂದು ಅಡ್ಡದಾರಿ ಹಿಡಿದು ಬಿದ್ದರೆ ಇಲ್ಲ. ಆದ್ದರಿಂದ ನೆಟ್ಟಗೆ ಬನ್ನಿ. ಕೇಳಿ ನನಗೆ ಖುಷಿಯೇ ಆಯಿತು. ಕೊನೆಗೂ ಇಲ್ಲಿಯೂ ಸಂಶಯಪಡುವವರು ಒಬ್ಬರಿದ್ದಾರೆ.

ಆ ಸೈಕಲ್ಲುಗಳಲ್ಲೂ ಒಂದು ಮೋಸವಿತ್ತು. ನಾವು ಇಳಿಜಾರಿನಲ್ಲಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುವಿಕೊಂಡು ಹಾಯಾಗಿ ಹೋಗುತ್ತೇವಲ್ಲ, ಅಲ್ಲಿ ಹಿಂದಕ್ಕೆ ತುಳಿದರೆ ಅದೇ ಬ್ರೇಕು. ಕಾರಿನ್ ಇದನ್ನು ಎರಡು ಸಲ ಹೇಳಿದ್ದಳು, ತುಳಿದೂ ತೋರಿಸಿದ್ದಳು. ನಾನು ಕೇಳಿಯೂ ಮರೆತು, ಮೊದಲ ದಿನವೇ ಚಟದಂತೆ ಹಿಂದಕ್ಕೆ ತಿರುವಿ, ಮುಳ್ಳುಬೇಲಿಯೊಳಗೆ ಮುಗುಚಿಬಿದ್ದೆ. ಬೀರಪ್ಪ ನಕ್ಕಿದ್ದು ಆ ದೇಶದಲ್ಲಿ ಅದೇ ಮೊದಲು. ಅವನಿಗೆ ಆ ಸೈಕಲ್ ಒಂದೇ ದಿನಕ್ಕೆ ಕೈವಶವಾಗಿತ್ತು.

ಕೆಲಸದಲ್ಲಿ ಅವನು ಗಟ್ಟಿ. ಕಾರಿನ್ ಹೇಳಿದ್ದನ್ನು ನಾನು ಕನ್ನಡಕ್ಕೆ ತರುವ ಮೊದಲೇ ಅವನ ಕೈ ಹೋಗಿರುತ್ತಿತ್ತು. ಆದರೂ ನಾನು ಕಣ್ಣಿಟ್ಟಿದ್ದೆ. ಸಂಜೆ ಅವನು ಹೊಳೆ ದಂಡೆಯಲ್ಲಿ ಕೂತರೆ ನಾನೂ ದೂರ ಕೂರುತ್ತಿದ್ದೆ. ಇಷ್ಟು ಸುಮ್ಮನಿರುವವನು ಏನನ್ನೋ ಯೋಚಿಸುತ್ತಿರಲೇಬೇಕಲ್ಲ.

“ಏನ್ ವಿಚಾರ ಮಾಡಾಕತ್ತೀಯೋ?” ಎಂದು ಒಂದು ಸಂಜೆ ಕೇಳಿದೆ.

“ಕಾಯಂ ಆದ್ರ ಬ್ಯಾಸಗ್ಯಾಗೂ ಪಗಾರ ಬರತೈತಲ್ರಿ. ಮಗಳನ್ನ ಬೀಳಗಿಯೊಳಗ ಕಾಲೇಜಿಗಿ ಹಾಕಬೇಕಂತ ಮಾಡೇನಿ. ಬರೇ ಅದ ನೋಡ್ರಿ,” ಎಂದ. ನಾನು ಅದನ್ನೂ ಅರ್ಧ ನಂಬಿದೆ.

ಹೊಳೆ ದಂಡೆಯ ದಾರಿ

ಅದು ನಡೆದದ್ದು ಒಂದು ಮುಂಜಾನೆ. ಸಣ್ಣಗೆ ಮಂಜಿತ್ತು. ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಕೆಲಸಕ್ಕೆ ಹೊರಟಿದ್ದೆವು: ಮುಂದೆ ಬೀರಪ್ಪ, ಅವನ ಬೆನ್ನಿಗೇ ಕಾರಿನ್, ಬಹಳ ಹಿಂದೆ ನಾನು. ಬೇಲಿಯಲ್ಲಿ ಬಿದ್ದ ಮೇಲೆ ಯಾರ ಹತ್ತಿರಕ್ಕೂ ನಾನು ಹೋಗುತ್ತಿರಲಿಲ್ಲ.

ತಿರುವಿನಲ್ಲಿ ಎದುರಿಗೆ ಡೈರೆಕ್ಟರ್ ಬಂದರು. ಕಾರ್ಖಾನೆಯ ಯಜಮಾನರು, ದಿನಾ ಕೆಲಸಕ್ಕೆ ಮೊದಲು ದಂಡೆಗುಂಟ ಒಂದು ಸುತ್ತು ಹೊಡೆಯುವವರು. ಬಿಳಿ ಗಡ್ಡ, ತಲೆಗೆ ಟೋಪಿ, ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಚರ್ಮದ ಚೀಲ. ದೂರದಿಂದಲೇ ನಮಗೆ ಕೈ ಎತ್ತಿದರು.

ಬೀರಪ್ಪ ಗಪ್ಪನೆ ಬ್ರೇಕು ತುಳಿದು ಕೆಳಗೆ ಜಿಗಿದ. ಸೈಕಲ್ ಪಕ್ಕಕ್ಕೆ ಹಿಡಿದು, ತಲೆ ತಗ್ಗಿಸಿ ನಿಂತ. ಹಿಂದಿನಿಂದ ಕಾರಿನ್ ನೇರವಾಗಿ ಅವನ ಸೈಕಲ್ಲಿಗೆ ಬಡಿದು, ಹ್ಯಾಂಡಲಿನ ಮೇಲಿಂದ ಹಾರಿ ಕಲ್ಲಿನ ಮೇಲೆ ಬಿದ್ದಳು. ಒಂದು ಸಣ್ಣ ಸದ್ದಾಯಿತು. ಎದ್ದಾಗ ಅವಳ ಬಲಗೈ ಮಣಿಕಟ್ಟು ಇರಬಾರದ ರೀತಿ ಬಾಗಿತ್ತು.

ಬೀರಪ್ಪ ಅವಳ ಪಕ್ಕದಲ್ಲಿ ಕೂತು, “ಯವ್ವಾ, ಯವ್ವಾ, ಏನಾತ ಯವ್ವಾ,” ಎನ್ನುತ್ತಲೇ ಇದ್ದ. ಡೈರೆಕ್ಟರ್ ಸೈಕಲ್ ಅಲ್ಲೇ ಎಸೆದು ಫೋನು ಮಾಡಿದರು. ಆಂಬುಲೆನ್ಸ್ ಬಂದು ಅವಳನ್ನು ಕರೆದೊಯ್ದಿತು.

ಮಧ್ಯಾಹ್ನದೊಳಗೆ ಕಾರ್ಖಾನೆಯ ತುಂಬ ಒಂದೇ ಪ್ರಶ್ನೆ: ದಾರಿ ಖಾಲಿ ಇದ್ದಾಗ ಈ ಮನುಷ್ಯ ನಿಂತದ್ದು ಯಾಕೆ? ವಿಮೆಯವರಿಗೆ ಕಾರಣ ಹೇಳಬೇಕಿತ್ತು. ಕಾರಣವಿಲ್ಲದೆ ಹೀಗೆ ನಿಲ್ಲುವವನನ್ನು ತಿರುಗುವ ಯಂತ್ರದ ಹತ್ತಿರ ಬಿಡುವುದು ಹೇಗೆ ಎಂದು ಸುರಕ್ಷತೆಯ ಅಧಿಕಾರಿಯೊಬ್ಬ ಎದ್ದು ನಿಂತ. ನಾಳೆ ಎಲ್ಲರೂ ಕೂತು ವಿಚಾರಿಸುವುದು, ಸರಿಯಾದ ಉತ್ತರ ಸಿಗದಿದ್ದರೆ ಕಲಿಕೆ ಅಲ್ಲಿಗೇ ನಿಲ್ಲಿಸಿ ನಮ್ಮನ್ನು ಊರಿಗೆ ಕಳಿಸುವುದು ಎಂದು ತೀರ್ಮಾನವಾಯಿತು.

ಕಾರಣ ನನಗೆ ಗೊತ್ತಿತ್ತು. ನಮ್ಮ ಕಡೆಯವರಿಗೆ ಯಾರಿಗೂ ಹೇಳುವ ಅಗತ್ಯವೇ ಇಲ್ಲ. ಕಾರ್ಖಾನೆ ರಸ್ತೆಯಲ್ಲಿ ಸಾವ್ಕಾರರು ಎದುರಾದರೆ ಸೈಕಲ್ಲಿನವರು ಇಳಿದು ನಿಲ್ಲುತ್ತಾರೆ. ಅವರು ದಾಟಿದ ಮೇಲೆ ಹತ್ತುತ್ತಾರೆ. ಹಿಂದಿದ್ದವರೂ ಇಳಿದಿರುತ್ತಾರೆ, ಆದ್ದರಿಂದ ಯಾರೂ ಯಾರಿಗೂ ಬಡಿಯುವುದಿಲ್ಲ. ಬೀರಪ್ಪನಿಗೆ ಹಿಂದಿನವಳು ಇಳಿಯದೆ ಬಂದದ್ದೇ ಆಶ್ಚರ್ಯ.

ನಾವು ಇಳಿದುಕೊಂಡಿದ್ದ ಹಾಸ್ಟೆಲ್ಲಿಗೆ ಬಂದು ಅವನಿಗೆ ಹೇಳಿದೆ: “ನೋಡು, ಬ್ರೇಕ್ ತಿಳೀಲಿಲ್ಲ ಅಂತ ಹೇಳೂಣು. ಹಿಂದಕ ತುಳದೆ, ನಿಂತಬಿಡ್ತು. ನಾನೂ ಬಿದ್ದೇನಲ್ಲ, ನಂಬ್ತಾರ.”

ಅವನು ಕೇಳಿದ: “ಹಂಗಂದ್ರ ಆಕಿ ಸರಿಯಾಗಿ ಹೇಳಿಕೊಡಲಿಲ್ಲ ಅಂತ ಆಗಂಗಿಲ್ಲೇನ್ರಿ?”

ಹೌದು, ಆಗುತ್ತಿತ್ತು. ಸೈಕಲ್ ಕೊಟ್ಟವಳು ಅವಳು, ಕಲಿಸಿದವಳು ಅವಳು. ಮುರಿದ ಕೈಯ ಮೇಲೆ ತಪ್ಪನ್ನೂ ಹೊರಿಸಿದಂತೆ.

“ನಿನ್ನ ಕಾಯಂ ಕೆಲಸದ ಮಾತಲೇ ಇದು,” ಎಂದೆ.

“ಗೊತ್ತೈತ್ರಿ,” ಎಂದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಮೌನದ ಮೇಲೆ ನನಗೆ ಎಂದೂ ಇಲ್ಲದಷ್ಟು ಸಂಶಯ ಹುಟ್ಟಿತು.

ಕಾರ್ಖಾನೆಯ ಅಂಗಳ

ಮರುದಿನ ಕೋಣೆಯಲ್ಲಿ ಡೈರೆಕ್ಟರ್, ಸುರಕ್ಷತೆಯವನು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಕಾರಿನ್ ಕೂತಿದ್ದರು. ಡೈರೆಕ್ಟರಿಗೆ ಇಂಗ್ಲಿಷ್ ಬರುತ್ತಿತ್ತು. ಯಾಕೆ ನಿಂತಿರಿ ಎಂದು ಕೇಳಿದರು. ನಾನು ಬ್ರೇಕಿನ ಮಾತು ತೆಗೆಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬೀರಪ್ಪ ಎದ್ದು ಹೊರಗೆ ನಡೆದ.

ಓಡಿಹೋದನೇ ಎಂದು ನನ್ನ ಕೈ ಬನಿಯನ್ನಿನ ಕಿಸೆಗೆ ಹೋಯಿತು. ಓಡಿರಲಿಲ್ಲ. ಅಂಗಳದಲ್ಲಿ ತನ್ನ ಸೈಕಲ್ ತೆಗೆದುಕೊಂಡು, ಬನ್ನಿ ಎಂದು ಡೈರೆಕ್ಟರಿಗೆ ಕೈಸನ್ನೆ ಮಾಡಿದ. ಅವರು ಬಂದು ನಿಂತರು. ಬೀರಪ್ಪ ದೂರದಿಂದ ಸೈಕಲ್ ತುಳಿಯುತ್ತ ಬಂದ. ಅವರು ಕಂಡೊಡನೆ ಇಳಿದ, ಪಕ್ಕಕ್ಕೆ ನಿಂತ, ತಲೆ ತಗ್ಗಿಸಿದ. ಬ್ರೇಕು ಸರಿಯಾಗಿಯೇ ಹಿಡಿದಿತ್ತು. ಎಲ್ಲರೂ ಅದನ್ನು ಕಂಡರು.

ಡೈರೆಕ್ಟರಿಗೆ ತಿಳಿಯಲಿಲ್ಲ. ಸೈಕಲ್ಲಿನ ಗಾಲಿ ನೋಡಿದರು, ನೆಲ ನೋಡಿದರು. ಬೀರಪ್ಪ ಹಿಂದೆ ಹೋಗಿ ಮತ್ತೆ ಬಂದ. ಮತ್ತೆ ಇಳಿದ. ಈ ಸಲ ನನ್ನ ಕಡೆ ತಿರುಗಿ, “ನೀವು ಹೇಳ್ರಿ ಸಾಹೇಬ್ರ. ಅವರು ಮಾಲಕರು, ಅದಕ್ಕ ಇಳದೆ. ಆ ಯವ್ವಂದು ಏನೂ ತಪ್ಪಿಲ್ಲ,” ಎಂದ.

ಹೇಳಿದೆ. ಬೇರೆ ದಾರಿ ಇರಲಿಲ್ಲ.

ಡೈರೆಕ್ಟರ ಬಿಳಿ ಮುಖ ಕಿವಿಯವರೆಗೂ ಕೆಂಪಾಯಿತು. ತಮ್ಮ ಕೆಲಸಗಾರರ ಎದುರಿಗೇ ಅವರಿಗೆ ಬೈಗುಳ ತಿಂದಂತಾಗಿತ್ತೋ ಏನೋ.

“ನಿಮ್ಮಲ್ಲಿ ಈ ನಿಯಮ ಮಾಡಿದವರು ಯಾರು?” ಎಂದು ಕೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. ಬೀರಪ್ಪ ಯೋಚಿಸಿ ಹೇಳಿದ: “ಯಾರೂ ಮಾಡಿಲ್ರಿ. ಇಳಿರಿ ಅಂತ ಯಾರೂ ಹೇಳಂಗಿಲ್ಲ. ಇಳೀಲಿಲ್ಲಂದ್ರ, ಯಾಕ ಇಳೀಲಿಲ್ಲ ಅಂತ ಕೇಳ್ತಾರ.”

ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮಗಳ ಕಾಲೇಜು, ಕಾಯಂ ಕೆಲಸ ಎಲ್ಲ ಒಂದು ಕೈಯಲ್ಲಿ ಹಿಡಿದು ಈ ಮನುಷ್ಯ ಇನ್ನೊಂದು ಕೈಯಿಂದ ಆ ಹೆಂಗಸಿನ ಹೆಸರು ಉಳಿಸಿದ್ದ. ನನ್ನ ಉದ್ಯೋಗದಲ್ಲಿ ಇಂಥದ್ದಕ್ಕೆ ಯಾವ ಜಾಗವೂ ಇಲ್ಲ.

ಕಾರಿನ್ ಜರ್ಮನ್ ಭಾಷೆಯಲ್ಲಿ ಜೋರಾಗಿ ಏನೋ ಹೇಳಿದಳು. ಆಮೇಲೆ ತಿಳಿಯಿತು: ಇವನನ್ನು ಕಳಿಸುವುದಾದರೆ ಮಿಕ್ಕವರಿಗೆ ಕಲಿಸಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಿದ್ದಳಂತೆ. ಕಲಿಕೆ ಮುಂದುವರಿಯಿತು. ಡೈರೆಕ್ಟರ್ ಒಂದೇ ಅಪ್ಪಣೆ ಕೊಟ್ಟರು: ಇನ್ನು ಮುಂದೆ ನನ್ನನ್ನು ಕಂಡು ಯಾರೂ ಇಳಿಯಕೂಡದು.

ಬೀರಪ್ಪ ಅಪ್ಪಣೆ ಮೀರಲಿಲ್ಲ. ಆದರೆ ಎದುರಿಗೆ ಮಾಲೀಕರು ಬರುತ್ತಿರುವಾಗ ಸೀಟಿನ ಮೇಲೆ ಕೂತಿರುವುದು ಅವನಿಗೆ ಜಾಲಿಮುಳ್ಳಿನ ಮೇಲೆ ಕೂತಂತೆ. ಎರಡು ದಿನ ಹಲ್ಲು ಕಚ್ಚಿ ಸಹಿಸಿದ. ಮೂರನೆಯ ದಿನದಿಂದ, ಅವರು ಎದುರಾಗದಿರಲೆಂದು, ಎಲ್ಲರಿಗಿಂತ ಮೊದಲೇ ಹೊರಟುಬಿಡುತ್ತಿದ್ದ. ಮುಂಜಾನೆ ಕಾರ್ಖಾನೆಗೆ ಎಲ್ಲರಿಗಿಂತ ಮುಂಚೆ ಬರುವವನು ಇವನೇ ಎಂದು ಅಲ್ಲಿಯವರು ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ. ಹೊರಡುವ ದಿನ ಕಾರಿನ್, ಇವನು ಯಂತ್ರವನ್ನು ಚೆನ್ನಾಗಿ ನಡೆಸಬಲ್ಲ ಎಂದು ಎಡಗೈಯಲ್ಲಿ ಸಹಿ ಮಾಡಿ ಕೊಟ್ಟಳು. ಅವನು ಅವಳ ಪ್ಲಾಸ್ಟರಿಗೆ ಒಂದಿಷ್ಟು ಭಂಡಾರ ಹಚ್ಚಿದ. ಅವಳು ಬೇಡ ಎನ್ನಲಿಲ್ಲ.

ಮತ್ತೆ ಮುಧೋಳ

ಸಾವ್ಕಾರರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಅಲ್ಲಿನ ಹೆಂಗಸೊಬ್ಬಳ ಕೈ ಮುರಿದಿದೆ, ಕಾರಣ ನಮ್ಮ ಬೀರಪ್ಪ, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಪಕ್ಕದಲ್ಲಿ ಅವರ ಮೈದುನ ಕೂತಿದ್ದ.

“ನಾ ಮೊದಲ ಹೇಳಿಲ್ಲೇನು? ಸೈಕಲ್ ಮಂದಿಗಿ ಜವಾಬ್ದಾರಿ ಇರಂಗಿಲ್ಲ. ಏನ್ ಮಾಡಿ ಬಂದೀಲೇ?” ಎಂದರು.

ಬೀರಪ್ಪ ನೆಲ ನೋಡುತ್ತಿದ್ದ. ಕೆಲಸ ಹೋಯಿತೆಂದು ಅವನು ತಿಳಿದದ್ದು ಅವನ ಕತ್ತಿನಲ್ಲೇ ಕಾಣುತ್ತಿತ್ತು. ನಾನೇ ನಡೆದದ್ದನ್ನು ನಡೆದಂತೆ ಹೇಳಿದೆ, ಅಂಗಳದಲ್ಲಿ ಅವನು ಕೊಟ್ಟ ಉತ್ತರವನ್ನೂ ಬಿಡದೆ. ಅದನ್ನು ಕೇಳಿದರೆ ಸಾವ್ಕಾರರಿಗೆ ಒಂದಿಷ್ಟಾದರೂ ಚುಚ್ಚೀತು ಎಂದು ನನ್ನ ಆಸೆ.

ಸಾವ್ಕಾರರು ಮೇಜು ಗುದ್ದಿದರು. ಮುಖ ಅರಳಿತ್ತು.

“ಶಾಬಾಸ್! ಜರ್ಮನಿಗಿ ಹೋದ್ರೂ ಮರ್ಯಾದಿ ಬಿಡಲಿಲ್ಲ! ನೋಡಿದೇನ?” ಎಂದು ಮೈದುನನ ಕಡೆ ತಿರುಗಿದರು. “ಮಿಷಿನ್ ಯಾಂವರೆ ಕಲೀತಾನ. ಇಂಥಾ ಮನಶ್ಯಾ ಎಲ್ಲಿ ಸಿಗತಾನ? ಇವತ್ತಿನಿಂದ ಇಂವ ಕಾಯಂ.”

ಕಾರಿನ್‌ಳ ಸಹಿಯನ್ನು ಅವರು ಓದಲೇ ಇಲ್ಲ. ಬೀರಪ್ಪನಿಗೆ ಕೆಲಸ ಸಿಕ್ಕಿದ್ದಕ್ಕೆ ನನಗೆ ಸಂತೋಷವಾಯಿತು, ಸಿಕ್ಕ ಕಾರಣಕ್ಕೆ ಸಂಕಟವಾಯಿತು. ಎರಡೂ ಒಟ್ಟಿಗೇ ಆಯಿತು. ಹೊರಗೆ ಬಂದು ಬೀರಪ್ಪ, “ಆತಲ್ರಿ ಸಾಹೇಬ್ರ, ಮಗಳ ಕಾಲೇಜಿಂದು ಆತು,” ಎಂದ. ಅವನ ಕಣ್ಣಲ್ಲಿ ನೀರಿತ್ತು.

ಪರದೇಶದಿಂದ ಬಂದ ಕಾಯಂ ಮನುಷ್ಯ ಸೈಕಲ್ ಮೇಲೆ ಬರುವುದು ಕಾರ್ಖಾನೆಗೆ ಶೋಭೆಯಲ್ಲವೆಂದು ಸಾವ್ಕಾರರು ಅವನಿಗೆ ಕಾರ್ಖಾನೆಯದೇ ಒಂದು ಹಳೆಯ ಮೋಟರ್ ಸೈಕಲ್ ಕೊಡಿಸಿದರು. ಸೀಜನ್ ಶುರುವಾದ ದಿನ ನಾನು ಎಂದಿನಂತೆ ಗೇಟಿನಲ್ಲಿ ನಿಂತಿದ್ದೆ. ಹೊತ್ತು ಏರುತ್ತಿತ್ತು, ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆಗುಂಟ ಹಬ್ಬಿತ್ತು, ಅದರ ಬದಿಯಲ್ಲಿ ಸೈಕಲ್ಲಿನವರು ಬರುತ್ತಿದ್ದರು. ಅವರ ಹಿಂದಿನಿಂದ ಬೀರಪ್ಪನ ಗಾಡಿಯ ಸದ್ದು ಕೇಳಿತು.

ಮೊದಲು ಒಬ್ಬ ಇಳಿದ, ಅವನನ್ನು ನೋಡಿ ಇನ್ನೊಬ್ಬ. ಮೊನ್ನೆಯವರೆಗೆ ಅವನ ಜೊತೆಗೇ ಸುತ್ತು ದಾರಿ ತುಳಿದು ಬರುತ್ತಿದ್ದವರು ಸೈಕಲ್ ಪಕ್ಕಕ್ಕೆ ಹಿಡಿದು, ತಲೆ ತಗ್ಗಿಸಿ ನಿಂತರು. ಬೀರಪ್ಪ ಗಾಡಿ ನಿಲ್ಲಿಸಿದ. ಅವನ ಮುಖ ಬಿಳಿಚಿತ್ತು.

“ಇಳೀಬ್ಯಾಡ್ರಲೇ!” ಎಂದು ಒದರಿದ. “ಹತ್ರಿ! ಹಿಂದಿನಾಂವ ಬಡೀತಾನ!”

ಹೊಸ ಸಾಹೇಬರು ಬೈಯುತ್ತಿದ್ದಾರೆಂದು ತಿಳಿದು, ಇನ್ನೂ ಸೀಟಿನ ಮೇಲಿದ್ದವರೂ ಗಡಬಡಿಸಿ ಇಳಿದು ನಿಂತರು.